ಹೊಗೆಗೆ ಬಿಟ್ಟ ಕಪ್ಪು

ಅಬ್ದುನ್ನಬಿ ಸಫ್ಫಾರ್ ಅದನ್ನು ತಂದದ್ದು
ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ,
ಹಳೆಯ ಅರಬ್ಬಿ ಪತ್ರಿಕೆ ಸುತ್ತಿ.
"ರಾಯ್ಕರ್, ಗುರುವಾರದೊಳಗೆ ಹೊಳೆಯಬೇಕು."
ಮನಾಮದ ಸೂಕಿನ ಹಿಂದೆ, ದರ್ಜಿಗಳ ಓಣಿಯಲ್ಲಿ,
ಯಾರದೋ ಎಸಿಯ ನೀರು ತೊಟ್ಟಿಕ್ಕುವ
ನನ್ನ ಮೂರಡಿ ಬೆಂಚಿನ ಮೇಲೆ ಕೂತಿತು ಹೂಜಿ.
ಮೊಳದುದ್ದ, ಎಳೆಗೂಸಿನ ಭಾರ,
ಹೊಟ್ಟೆಗೊಂದು ನೆಗ್ಗು,
ಮೈಯೆಲ್ಲ ಕಾಡಿಗೆ.

ಊರಿಂದ ತಂದ ಅಂಟುವಾಳದ ನೊರೆ, ಮೆತ್ತನೆ ಬ್ರಶ್ಶು.
ಮೊದಲು ಎದ್ದು ಬಂತು ಬಳ್ಳಿ,
ಬಳ್ಳಿಯೊಳಗೆ ಗಿಳಿ, ಗಿಳಿ ಕಚ್ಚಿದ ದಾಳಿಂಬೆ.
ಆಮೇಲೆ ಹಡಗು.
ಕೆತ್ತಿದವನು ಹೊಗೆಹಡಗು ಕಂಡವನಲ್ಲ,
ಆಣೆಯಿಟ್ಟು ಹೇಳುತ್ತೇನೆ:
ಪಕ್ಕದ ಗಾಲಿ ಎತ್ತಿನ ಗಾಡಿಯದು, ಗುಂಬದ ಸಮೇತ;
ತೋಪುಗಳು ಥೇಟು ಅವನದೇ ಊದುಗೊಳವೆ;
ಮೇಲೆ ನಿಂತ ಸಾಹೇಬನಿಗೆ ಟೊಪ್ಪಿಯಿದೆ,
ಕಾಲಿಗೆ ಜೋಡಿಲ್ಲ.
ಕೊಳವೆಯಿಂದೆದ್ದ ಹೊಗೆ ಮೂರು ಸುತ್ತು ಸುತ್ತಿ
ಮತ್ತೆ ಬಳ್ಳಿಯೇ ಆಗಿ
ಹಿಡಿಕೆಯ ಹತ್ತಿರ ಹೂ ಬಿಟ್ಟಿದೆ.

ಕೊರಳ ಕೆಳಗೆ ಇಂಗ್ಲಿಷಿನಲ್ಲಿ:
ಮುತ್ತಿನ ವರ್ತಕರಿಂದ
ಲೆಫ್ಟಿನೆಂಟ್ ಪೆನ್‌ಹಾಲೋ ಅವರಿಗೆ,
ಕೃತಜ್ಞತೆಯ ಕುರುಹಾಗಿ, ೧೮೭೧.
ಯಾವುದಕ್ಕೆ ಕೃತಜ್ಞತೆ, ಬರೆದಿಲ್ಲ.
ಕಡಲುಗಳ್ಳರನ್ನು ಓಡಿಸಿದ್ದಕ್ಕೋ,
ತೋಪಿನ ಬಾಯಿ ಊರ ಕಡೆ ತಿರುಗಿಸಿ
ಹಾರಿಸದೆ ಹೋದದ್ದಕ್ಕೋ.

ಹೆಸರಿನ ಮೇಲೆ ಹೆಬ್ಬೆರಳು ಒತ್ತಿದೆ.
ಅಲ್ಲಿ ಮಾತ್ರ ಬೆಳ್ಳಿ ತೆಳು, ಮೊಟ್ಟೆಯ ಪೊರೆಯ ಹಾಗೆ.
ದೀಪ ಓರೆ ಹಿಡಿದೆ:
ಪೆನ್‌ಹಾಲೋ ಮುಗಿದ ಮೇಲೂ
ಅರ್ಧ ಅಳಿಸಿದ ಅಕ್ಷರವೊಂದರ ಬಾಲ.
ಇವನಿಗಿಂತ ಉದ್ದ ಹೆಸರಿನವನೊಬ್ಬ ಇದ್ದ.
ಅವನನ್ನು ಹೆರೆದು ಇವನನ್ನು ಕೂರಿಸಿದ್ದಾರೆ.
ಜ್ವರ ಬಂದು ಸತ್ತನೋ, ವರ್ಗವಾಯಿತೋ,
ಹೂಜಿ ಕಚ್ಛದಿಂದ ಬರುವಷ್ಟರಲ್ಲಿ
ಸಾಹೇಬ ಬದಲಾಗಿದ್ದ.
ವರ್ತಕರು ವರ್ತಕರೇ.
ಒಬ್ಬನೇ ನಕ್ಕೆ. ಎದುರಿನ ದರ್ಜಿ ತಲೆಯೆತ್ತಿ ನೋಡಿದ.

ನೆಗ್ಗು ತೆಗೆಯಲು ಬಿಸಿ ಮಾಡಬೇಕಾಯಿತು.
ಒಳಗಿಂದ ನೋಡಿದರೆ ಹಡಗು ಹಡಗಲ್ಲ,
ಹಡಗಿನಾಕಾರದ ಹೊಂಡ.
ಹೊಂಡದ ಮೂಲೆಯಲ್ಲಿ ಹೆಸರುಕಾಳಿನಷ್ಟು ಅರಗು,
ಅಂದು ಕೆರೆದು ತೆಗೆಯಲು ಮರೆತದ್ದು,
ಇಂದು ಕರಗಿತು.
ಆ ವಾಸನೆ!
ಕುಮಟೆಯ ಅಂಗಡಿ, ಅರಗಿಗೆ ಇಟ್ಟಿಗೆ ಪುಡಿ ಕಲಸುತ್ತ
ಹಲ್ಲಿನಲ್ಲಿ ಉಳಿ ಕಚ್ಚಿಕೊಂಡೇ ಅಪ್ಪನ ಬೈಗುಳ:
"ನೋಡಿ ಹೊಡಿಯೋ, ಬೆಳ್ಳಿ ನಿನ್ನಪ್ಪಂದಲ್ಲ."
ನಿಜ. ಯಾವತ್ತೂ ಅಲ್ಲ.

ಗುರುವಾರ ಸಫ್ಫಾರ್ ಬಂದ.
ದೋಹಾದ ಹೋಟೆಲಿನವರು ಕೊಳ್ಳುತ್ತಾರಂತೆ,
ಲಾಬಿಯಲ್ಲಿ ಖರ್ಜೂರದ ತಟ್ಟೆಯ ಪಕ್ಕ ಇಡಲು.
ಹೆಸರಿನ ಸಂಗತಿ ನಾನು ಹೇಳಲಿಲ್ಲ,
ಅಲ್ಲಿ ಉಜ್ಜಿಯೂ ಇಲ್ಲ.
ಇನ್ನೊಬ್ಬ ಯಾವನೋ ಉಜ್ಜಿದರೆ ಪೆನ್‌ಹಾಲೋನೂ ಹೋಗಿ
ತೂತು ಉಳಿಯುತ್ತದೆ.

"ಇಲ್ಲಿ ಕಪ್ಪು ಹಾಗೇ ಇದೆಯಲ್ಲ,"
ಕೊಳವೆಯ ಮೇಲೆ ಉಗುರಿಟ್ಟು ತೋರಿಸಿದ.
"ಅದು ಹೊಗೆ," ಅಂದೆ.
ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ, ಬಹಳ ಹೊತ್ತು.
ಹೌದು, ಹೌದು, ಎಂದು ತಲೆದೂಗಿದ.
ದುಡ್ಡು ಎಣಿಸುವಾಗ
ಐದು ದಿನಾರು ಮುರಿದುಕೊಂಡ.