ಎರಡು ದೋಣಿಯಲ್ಲಿ ಕಾಲು

ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ
ನೀರೇ ಗತಿ ಅನ್ನುತ್ತಾರೆ. ಇರಬಹುದು.
ತ್ರಫಾರಿಯಾದ ಕಟ್ಟೆಯ ಮೇಲೆ, ಗಾಜಿನ ಗೂಡಿನೊಳಗೆ
ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ ನಾನು, ಒಂದೀನಾ;
ತೇಜು ನದಿಯ ಆ ದಡಕ್ಕೆ ಚೀಟಿ ಹರಿದು ಕೊಟ್ಟು
ಈ ದಡದಲ್ಲಿ ಉಂಡವಳು.
ನನ್ನ ಮುಂದೆ ಆ ಗಾದೆ ಹೇಳಬೇಡಿ.

ಚೀಟಿ ಯಂತ್ರದಲ್ಲೊಂದು ಗುಂಡಿಯಿದೆ, ‘ಪರೀಕ್ಷೆಗೆ’ ಎಂದು.
ಸುರುಳಿ ಬದಲಿಸಿದಾಗ ಏನಾದರೂ ಅಚ್ಚು ಮಾಡಿ ನೋಡಬೇಕು:
ಮೂರೇ ಸಾಲು, ಸಾಲಿಗೆ ಇಪ್ಪತ್ನಾಲ್ಕು ಅಕ್ಷರ.
ಉಳಿದವರು ಆಆಆಆ ಒತ್ತಿ ಕೈತೊಳೆದುಕೊಳ್ಳುತ್ತಾರೆ.
ಒಂದು ಮಂಜಿನ ಬೆಳಿಗ್ಗೆ ನಾನು ಒತ್ತಿದೆ:

    ದೋಣಿ ಬಂದಿಲ್ಲ. ಬಸಿರಿ ಹುಡುಗಿ
    ಕಿತ್ತಳೆ ಸುಲಿದು ಸಾಲಿಗೆಲ್ಲ
    ಒಂದೊಂದು ತೊಳೆ ಹಂಚಿದಳು

ಯಂತ್ರ ಕಿರ್ರೆಂದು ಹೊರಹಾಕಿತು,
ಬೆಚ್ಚಗೆ, ಆಗಷ್ಟೇ ಇಟ್ಟ ಮೊಟ್ಟೆಯ ಹಾಗೆ.

ಅಂದಿನಿಂದ ದಿನಕ್ಕೊಂದು ಮೊಟ್ಟೆ.
ರಾತ್ರಿ ಮೀನಿನ ಬಾಣಲೆ ತೊಳೆದಾದ ಮೇಲೆ
ಸತ್ತ ದರ್ಜಿಯೊಬ್ಬನ ಅಳತೆ ಪುಸ್ತಕದಲ್ಲಿ ಅಂಟಿಸುವುದು
(ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು;
ಯಾರದೋ ಸೊಂಟ, ಯಾರದೋ ತೋಳಿನುದ್ದ),
ಪಕ್ಕದಲ್ಲಿ ಪೆನ್ಸಿಲಿನಿಂದ ನಾಲ್ಕು ಮಾತು ಗೀಚುವುದು.

ಮೂರು ಬೇಸಿಗೆ ಕಳೆದು ತೆರೆದರೆ
ಚೀಟಿಗಳೆಲ್ಲ ಬೆಳ್ಳಗೆ.
ಹಿಡಿದಿಡಲೆಂದು ಹಚ್ಚಿದ ಅಂಟೇ ಅಕ್ಷರ ತಿಂದಿತ್ತು.
ಪೆನ್ಸಿಲು ಮಾತ್ರ ಉಳಿದಿತ್ತು:
‘ಅವಳೇ!’
‘ಸುಳ್ಳು, ಅದು ಗುರುವಾರ.’
‘ಅಷ್ಟು ನಗಬಾರದಿತ್ತು.’
ಯಾರವಳು? ಗುರುವಾರ ಏನಾಯಿತು?
ನನ್ನದೇ ಬದುಕಿಗೆ ನಾನೇ ಬರೆದ ಟೀಕೆ ಇದೆ,
ಮೂಲ ಗ್ರಂಥ ಕಾಣೆ.

ಅಕ್ಕನ ಮಗಳು ಈರಿಯಾ ನಗಲಿಲ್ಲ.
ಪುಟಪುಟದ ಫೋಟೋ ಹಿಡಿದು, ಫೋನಿನೊಳಗೆ
ಬೆಳಕನ್ನು ತಗ್ಗಿಸಿ, ನೆರಳನ್ನು ಹಿಂಡಿದಳು,
ಒದ್ದೆ ಬಟ್ಟೆ ಹಿಂಡಿದ ಹಾಗೆ.
ಬಿಳಿಯೊಳಗಿಂದ ಒಂದು ತೊಟ್ಟು ಬಂತು:
    ತ್ತಳೆ ಸುಲಿ
ಅಷ್ಟೇ. ನನ್ನ ಬಾಯೊಳಗೆ ಹುಳಿ ನೀರೊಡೆಯಿತು.

ಈಗ ಎರಡೂ ಕಡೆ ಇಡುತ್ತೇನೆ.
ಅಂಟಿಸುವ ಮುನ್ನ ಫೋಟೋ; ಅಂಟು ಹಚ್ಚುವುದು ಅಂಚಿಗಷ್ಟೇ.
ಫೋನಿಗೆ ಸದ್ದು ಕೊಟ್ಟಿದ್ದೇನೆ: ಗೂಡಿನ ತಗಡಿನ ಮೇಲೆ
ಕಡಲಕ್ಕಿಯ ನಡಿಗೆ, ಚಿಲ್ಲರೆ ಎಣಿಸುವ ನನ್ನ ತುಟಿ.
ಪುಸ್ತಕಕ್ಕೆ ಎಣ್ಣೆ ಕಲೆ, ಕಿತ್ತಳೆ ಸಿಪ್ಪೆ,
ಸಿಟ್ಟು ಬಂದ ದಿನ ಹಿಂದಿನ ಪುಟಕ್ಕೂ ಮೂಡಿದ ಪೆನ್ಸಿಲಿನ ಗಾಯ.

ಹಳೆಯ ದೋಣಿಯನ್ನು ಗುಜರಿಗೆ ಎಳೆದೊಯ್ದ ವಾರ
ಅದರ ಕೂಗು ಫೋನಿನಲ್ಲಿತ್ತು.
ಅದಕ್ಕೆ ದಾರಿ ತೋರುವ ಕಪ್ಪುಬಿಳಿ ಚೌಕವನ್ನು
ಪರದೆಯಿಂದ ನೋಡಿ ಕೈಯಲ್ಲೇ ಬರೆದೆ,
ಕಸೂತಿ ಎಣಿಸುವ ಹಾಗೆ ಮನೆಮನೆ ಎಣಿಸಿ;
ದರ್ಜಿಯ ಚೌಕುಳಿ ಹಾಳೆಗೆ ಮೊದಲ ಸಲ ಒಂದು ಹೊಸ ಅಂಗಿ.
ಎರಡು ಮನೆ ತಪ್ಪಿದೆ. ಫೋನು ಕ್ಷಮಿಸಿತು.

ನಿನ್ನೆ ಬೆಲ್ಮಿರು ಬಂದಿದ್ದ,
ನಲವತ್ತು ವರ್ಷ ಹಗ್ಗ ಎಸೆದು ಹಿಡಿದು
ಈಗ ಪಿಂಚಣಿ, ಪಾರಿವಾಳ ಅಂತಿರುವವನು.
ಪುಟ ತೆರೆದು ಫೋನು ಹಿಡಿದೆ.
ಪುಸ್ತಕದಿಂದ ದೋಣಿ ಕೂಗಿತು.
ಅವನ ಕೈ ತಾನಾಗಿ ಗಾಳಿಗೆ ಹೋಯಿತು, ಹಗ್ಗ ಹಿಡಿಯಲು.
ಸಿಕ್ಕಿದ್ದು ನನ್ನ ಶಾಲಿನ ಸೆರಗು.
ಇಬ್ಬರೂ ಒಂದು ಕ್ಷಣ ಹಾಗೇ ನಿಂತೆವು,
ಕಟ್ಟಿಹಾಕಿದ ದೋಣಿ, ಕಟ್ಟಿಹಾಕಿದವನು.
‘ಪಾರಿವಾಳಕ್ಕೆ ಕಾಳು ಹಾಕಬೇಕು’ ಅಂದ, ಹೋದ.

ಇದನ್ನಿನ್ನೂ ಎಲ್ಲಿಯೂ ಬರೆದಿಲ್ಲ.
ಮೂರು ಸಾಲಿಗೆ ಹೊಂದಿಸುತ್ತಿದ್ದೇನೆ.
ಯಂತ್ರದಲ್ಲಿ ಸುರುಳಿ
ಇನ್ನೂ ಅರ್ಧ ಉಳಿದಿದೆ.