ಬಂಗುಡೆಯ ಹೊಟ್ಟೆಯ ನೂಲು

ಕೋಡಿಬಾಗದ ನನ್ನ ಅಂಗಡಿಗೆ ಬಾಗಿಲು ಒಂದು, ಮಷೀನು ಎರಡು.
ಉಪ್ಪುಗಾಳಿ ತಿಂದ ಪೆಡಲು ಕಿರುಗುಟ್ಟುತ್ತದೆ,
ಎಣ್ಣೆ ಬಿಟ್ಟರೂ ನಾಲ್ಕೇ ದಿನ.

ಮೊನ್ನೆ ಶೇವಂತಿ ತಾಂಡೇಲ ಬಂದಳು,
ಮೀನು ಮುಗಿದ ಬುಟ್ಟಿ ಹೊರಗೇ ಇಟ್ಟು,
ಮೂರು ಸಲ ಕೈ ತೊಳೆದು,
ಮಗಳನ್ನು ಮುಂದಕ್ಕೆ ತಳ್ಳಿ:
"ನೀನಾದರೂ ಹೇಳು ಇವಳಿಗೆ.
ಮದುವೆಗೆ ಪಟ್ಟೆ ಸೀರೆ ಬೇಡವಂತೆ.
ಹುಳ ಸಾಯುತ್ತದಂತೆ."

ನಾನು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಸುಮ್ಮನಿದ್ದೆ.
ಇಪ್ಪತ್ತೆರಡು ವರ್ಷ ರೇಷ್ಮೆ ಕತ್ತರಿಸಿದವಳು.
ಅದರ ಮೇಲೆ ಕತ್ತರಿ ಜಾರುವ ಸದ್ದಿಗೂ ಮೊದಲು
ಇನ್ನೊಂದು ಸದ್ದಿತ್ತು, ಹಂಡೆಯ ಕುದಿನೀರಿನದು,
ಎಂದು ನನಗೆ ಯಾರೂ ಹೇಳಿರಲಿಲ್ಲ.

ಸುಳ್ಳು. ಗೊತ್ತಿತ್ತು.
ಶಾಲೆಯಲ್ಲಿ ಓದಿ, ಪರೀಕ್ಷೆಗೆ ಬರೆದು,
ಎರಡು ಅಂಕ ಪಡೆದು
ಮರೆತಿದ್ದೆ.

ಪ್ರಾಚಿ ದನಿ ಏರಿಸಲಿಲ್ಲ.
"ಗೂಡು ಕೊರೆದು ಅದು ಹೊರಗೆ ಬಂದರೆ
ನೂಲು ತುಂಡಾಗುತ್ತದೆ. ಅಷ್ಟಕ್ಕೇ."

"ದಿನಾ ನಾನು ಮೀನು ಕೊಯ್ಯುತ್ತೇನಲ್ಲ,
ಅದು ಕಾಣಲಿಲ್ಲವಾ ನಿನಗೆ?"
"ಕಾಣುತ್ತದೆ ಆಯಿ. ಅದು ನಮ್ಮ ಅನ್ನ.
ಇದು ಒಂದು ದಿನದ ಮಿಂಚು."

ಸ್ವಲ್ಪ ಹೊತ್ತು ಫ್ಯಾನು ಮಾತ್ರ ಮಾತಾಡಿತು.

"ಹಾಗಾದರೆ ಸಿಂಥೆಟಿಕ್ ತಗೋ," ಅಂದೆ,
ರಾಜಿಗೆ ಕೂತವಳ ಹಾಗೆ.
"ಹುಳವೂ ಇಲ್ಲ, ಇಸ್ತ್ರಿಯೂ ಬೇಡ,
ದೂರದಿಂದ ನೋಡಿದರೆ ಥೇಟು ಪಟ್ಟೆ."

ನಕ್ಕವಳು ಪ್ರಾಚಿಯಲ್ಲ, ಶೇವಂತಿ.
ಸೆರಗಿನ ಗಂಟು ಬಿಚ್ಚಿದಳು. ಚಿಲ್ಲರೆ, ಹೋಳಡಿಕೆ,
ನಡುವೆ ಕಾಗದದಲ್ಲಿ ಮಡಚಿಟ್ಟ
ಒಂದು ನೀಲಿ ಎಳೆ, ಗೇಣುದ್ದವೂ ಇಲ್ಲ.
"ಬಂಗುಡೆ ಹೊಟ್ಟೆಯಲ್ಲಿತ್ತು.
ನರ ಅಂದುಕೊಂಡು ಎಳೆದೆ. ಬಂತು. ತುಂಡಾಗಲಿಲ್ಲ.
ತುದಿಗೆ ಬೆಂಕಿ ಹಿಡಿದೆ. ಬೂದಿಯಾಗಲಿಲ್ಲ, ಮುದ್ದೆಗಟ್ಟಿತು.
ಬಲೆಯದೋ, ಯಾರುಟ್ಟಿದ್ದೋ."

ಅವಳುಟ್ಟಿದ್ದ ಸೀರೆ ಅದೇ ನೀಲಿ.
ಮೂವರೂ ನೋಡಿದೆವು.

"ಇದನ್ಯಾಕೆ ಇಟ್ಟುಕೊಂಡು ತಿರುಗುತ್ತೀ?"
"ಎಸೆಯುವುದೆಲ್ಲಿಗೆ?
ಎಲ್ಲಿ ಎಸೆದರೂ ಸಮುದ್ರಕ್ಕೇ ತಾನೆ ಹೋಗುವುದು."

ಮೇಲಿನ ಹಲಗೆಯಿಂದ ಕೈಮಗ್ಗದ ಹತ್ತಿಯಿಳಿಸಿದೆ.
ಪ್ರಾಚಿ ಮುಟ್ಟಿದಳು, ಮೂಸಿದಳು,
"ಗಿಡಕ್ಕೆ ಎಷ್ಟು ಔಷಧಿ ಹೊಡೆದರೋ,
ಬಣ್ಣದ ನೀರು ಯಾವ ಹಳ್ಳಕ್ಕೆ ಬಿಟ್ಟರೋ."
ನನಗೆ ರೇಗಿಹೋಯಿತು.
"ಮತ್ತೇನುಡುತ್ತೀ ತಂಗಿ, ಗಾಳಿಯಾ?"

ಪಾಪ, ಅವಳ ಕಣ್ಣು ತುಂಬಿತು.
ಅವಳಿಗೂ ಉತ್ತರ ಗೊತ್ತಿರಲಿಲ್ಲ.

ಮರುದಿನ ತಾಯಿಯೇ ತಂದಳು
ಟ್ರಂಕಿನ ತಳದ ಕೆಂಪು ಚೌಕಡಿ ಸೀರೆ. ನೂಲಿನದು, ಅತ್ತೆಯದು.
ಕಚ್ಚೆ ಹಾಕಿ ಮೊಣಕಾಲುದ್ದ ನೀರಿಗಿಳಿದು
ದೋಣಿಯಿಂದ ಮೀನು ಇಳಿಸುತ್ತಿದ್ದಳಂತೆ ಅದನ್ನುಟ್ಟು.
"ಸತ್ತವಳ ಸೀರೆ ಮದುವೆಗೆ ಅಂತ ನಾಲ್ಕು ಜನ ಅಂದಾರು.
ಅನ್ನಲಿ. ಇದರ ಪಾಪ ಏನಿದ್ದರೂ
ಅರವತ್ತು ವರ್ಷದ ಒಗೆತದಲ್ಲಿ ಹೋಗಿರುತ್ತದೆ."

ಹರಿದ ಕಡೆ ಕತ್ತರಿಸಿದೆ. ಕುಪ್ಪಸಕ್ಕೆ ಸಾಕಾಗುವಷ್ಟು ಬಂತು.
ಗುಂಡಿಗೆ ತೆಂಗಿನ ಚಿಪ್ಪು.
ಮಷೀನಿಗೆ ಕೂತು ರೀಲು ಸಿಕ್ಕಿಸುವಾಗ
ಕೈ ನಿಂತಿತು: ಅರೆ, ಈ ದಾರವೇ ಪಾಲಿಯೆಸ್ಟರ್.

ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ.
"ಹತ್ತಿ ದಾರ ಈಗ ಯಾರು ಕೇಳುತ್ತಾರಕ್ಕಾ,
ತುಂಡಾಗುತ್ತದೆ" ಅಂದ ಒಬ್ಬ,
ಧೂಳು ಊದಿ ಕೊಟ್ಟ.

ನಿಜ, ತುಂಡಾಗುತ್ತದೆ.
ಒಂದು ತೋಳು ಮುಗಿಯುವುದರೊಳಗೆ ಐದು ಸಲ.
ಮೊದಲೆರಡು ಸಲ ಬೈದೆ, ಒಳ್ಳೆಯದೇ ಬೈದೆ.
ಆಮೇಲೆ ತುದಿ ನಾಲಿಗೆಗೆ ತಾಗಿಸಿ,
ಕನ್ನಡಕ ಮೇಲೇರಿಸಿ,
ಮತ್ತೆ ಪೋಣಿಸಿದೆ.

ನೀಲಿ ಎಳೆ ನನ್ನ ಅಳತೆ ಪುಸ್ತಕದಲ್ಲಿದೆ,
ಪ್ರಾಚಿಯ ಪುಟದಲ್ಲಿ.
ತೋಳು ಒಂಬತ್ತು, ಎದೆ ಮೂವತ್ತನಾಲ್ಕು.
ಅದರ ಉದ್ದ ನಾನಿನ್ನೂ ಅಳೆದಿಲ್ಲ.