ಫರೂಸ್ಕಳ ನಾಲಿಗೆ

ಮರಿ ತಂದಿದ್ದೀರಿ, ಗೋಡೆಯಾಚೆ ಕುಂಯ್‌ಗುಟ್ಟಿದ್ದು ಕೇಳಿಸಿತು.
ಆಮೇಲೆ ನೀವೇ ಬಂದು, ಟೋಪಿ ಕೈಯಲ್ಲಿ ಹಿಡಿದು,
ಈ ಪೈನ್ ಮರದಿಂದ ನಾಯಿಗೇನೂ ಆಗದಲ್ಲ, ಅಂದಿರಿ.
ಕೂತುಕೊಳ್ಳಿ. ಹಿಟ್ಟು ಉಬ್ಬಲು ಇನ್ನೂ ಒಂದು ಗಂಟೆ ಬೇಕು.

ನಾನೂ ಹೀಗೇ ಕೇಳಿದ್ದೆ, ಬೆಲ್ಮೀರುವನ್ನು.
ನಲವತ್ತು ವರ್ಷ ಇಲ್ಲಿನ ಮರಗಳ ತೊಗಟೆ ಕೆತ್ತಿ
ಮಣ್ಣಿನ ಕುಡಿಕೆ ಕಟ್ಟಿ ಅಂಟು ಇಳಿಸಿದವನು.
ಅವನ ಹೆಬ್ಬೆರಳು ತೋರುಬೆರಳನ್ನು ಬಿಡುತ್ತಲೇ ಇರಲಿಲ್ಲ;
ಚರ್ಚಿನಲ್ಲಿ ಶಿಲುಬೆಯ ಗುರುತು ಹಾಕಿಕೊಂಡರೆ
ಹಣೆಗೂ ಒಂದಿಷ್ಟು ಮರದ ವಾಸನೆ.

ಸೂಜಿ ಎಲೆ ತಿಂದರೆ? ಅಂದೆ.
ವಾಂತಿ ಮಾಡುತ್ತೆ, ಅಂದ, ಅದೂ ನಿನ್ನ ಕಾರ್ಪೆಟ್ಟಿನ ಮೇಲೇ.
ಹಿಡಿಗಟ್ಟಲೆ ತಿಂದರೆ ಮಾತ್ರ ಡಾಕ್ಟರು.
ಕಾಯಿ ಕಚ್ಚಿದರೆ? ಹಲ್ಲಿಗೆ ಕೆಲಸ ಸಿಕ್ಕಿತು ಅನ್ನು. ನುಂಗಲು ಬಿಡಬೇಡ.
ಅಂಟು ಹತ್ತಿದರೆ? ಪಾದಕ್ಕೆ ಆಲಿವ್ ಎಣ್ಣೆ ಸವರು,
ಸೀಮೆಎಣ್ಣೆ ಬೇಡ, ನೆಕ್ಕಿಕೊಳ್ಳುತ್ತೆ.
ಆಮೇಲೆ ಕತ್ತೆತ್ತಿ ನೋಡಿದ, ತುಂಬ ಹೊತ್ತು.
ಮರದ ತಪ್ಪೇನಿಲ್ಲ, ಅಂದ. ಮೇಲೆ ಬಿಡಾರ ಹೂಡುವವರಿದ್ದಾರೆ.

ಆ ವರ್ಷ ತುದಿಯಲ್ಲಿ ಏನೂ ಇರಲಿಲ್ಲ.
ನಾನು ಮಾತಿನ ಮೊದಲರ್ಧ ಇಟ್ಟುಕೊಂಡೆ, ಉಳಿದರ್ಧ ಬಿಟ್ಟೆ.

ಮೂರನೆಯ ಚಳಿಗಾಲಕ್ಕೆ ಕೊಂಬೆಗಳಲ್ಲಿ ಬಿಳಿ ಚೀಲಗಳು,
ಯಾರದೋ ಕಾಲುಚೀಲ ಗಾಳಿಗೆ ಹಾರಿ ಸಿಕ್ಕಿಕೊಂಡಂತೆ.
ಚೆಂದ ಅಂದುಕೊಂಡೆ. ದೇವರಾಣೆ, ಚೆಂದ ಅಂದುಕೊಂಡೆ.

ಫೆಬ್ರವರಿಯ ಒಂದು ಎಳೆಬಿಸಿಲಿಗೆ
ಕಾಂಡದಿಂದ ದಾರವೊಂದು ಇಳಿಯುತ್ತಿತ್ತು.
ಒಂದರ ಬಾಲಕ್ಕೆ ಇನ್ನೊಂದರ ತಲೆ,
ಕಂಬಳಿಹುಳುಗಳ ಮೆರವಣಿಗೆ.
ಪಾದ್ರಿಯಿಲ್ಲ, ಬ್ಯಾಂಡಿಲ್ಲ, ಮಾತೆ ಮರಿಯಳ ಪಲ್ಲಕ್ಕಿಯಿಲ್ಲ;
ಹೂತುಕೊಳ್ಳಲು ಮೆತ್ತನೆ ಮಣ್ಣು ಹುಡುಕುತ್ತಾ
ಅಂಗಳ ದಾಟುತ್ತಿದ್ದವು.
ಫರೂಸ್ಕ ಮೂಸಿದಳು. ಮಸಿಬಣ್ಣದವಳು, ಅದಕ್ಕೇ ಆ ಹೆಸರು.
ಮೂಸುವುದೇ ಅವಳ ಕೆಲಸ.
ನೆಕ್ಕಿದಳು.

ಒಂದೇ ಸಲ.
ಮುಂಗಾಲಲ್ಲಿ ಬಾಯಿ ಕೆರೆಯುತ್ತಾ ಬಂದಳು, ಜೊಲ್ಲು ನೊರೆನೊರೆ,
ನಾಲಿಗೆ ಬಾಯೊಳಗೆ ಹಿಡಿಸದಷ್ಟು ಊದಿತ್ತು.
ಟವೆಲ್ಲು ತಂದು ಉಜ್ಜಿದೆ. ಉಜ್ಜಬಾರದಿತ್ತು.
ಹುಳುವಿನ ಕೂದಲು ಮುರಿದರೆ ವಿಷ ಇನ್ನೂ ಒಳಗಿಳಿಯುತ್ತದಂತೆ,
ಗ್ಲೌಸು ಹಾಕಿ, ಬೆಚ್ಚನೆ ನೀರು ಸುರಿದು, ಸುರಿದು,
ಆಮೇಲೆ ಓಡಬೇಕಂತೆ.
ಇದನ್ನೆಲ್ಲ ಲೇರಿಯಾದ ಡಾಕ್ಟರ್ ಝುಲ್ಮೀರಾ
ಸೂಜಿ ಚುಚ್ಚುತ್ತಲೇ ಹೇಳಿದರು. ಅಷ್ಟರಲ್ಲಿ
ನನ್ನ ಬೆರಳುಗಳೂ ಗುಳ್ಳೆ ಎದ್ದಿದ್ದವು.
ಒಂದು ವಾರ ಬ್ರೆಡ್ ನಾದಲಿಲ್ಲ, ಊರು ಹಳಸಿದ್ದನ್ನೇ ತಿಂದಿತು.

ಹತ್ತನೆಯ ದಿನ ನಾಲಿಗೆಯ ತುದಿ ಕಪ್ಪಾಗಿ ಉದುರಿತು,
ಒಣದ್ರಾಕ್ಷಿಯಷ್ಟು.
ಬಟ್ಟಲ ಪಕ್ಕ ಬಿದ್ದಿತ್ತು. ನಾನೇ ಎತ್ತಿದೆ.

ಬೆಲ್ಮೀರು ಗರಗಸ ಹಿಡಿದು ಬಂದ, ಕರೆಯದೆಯೇ.
ಕಡಿ, ಅನ್ನಲು ಬಾಯಿ ತೆರೆದೆ.
ಅವಳು ತೂರಾಡುತ್ತಾ ಹೋಗಿ, ಅದೇ ಬುಡದಲ್ಲಿ
ಮೂರು ಸುತ್ತು ಸುತ್ತಿ ಮಲಗಿಬಿಟ್ಟಳು.
ನಾಯಿಗೆ ಮರೆವು ಜಾಸ್ತಿಯೋ ನ್ಯಾಯ ಜಾಸ್ತಿಯೋ, ನನಗೆ ತಿಳಿಯದು.
ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿ ಕೇಳಿದ,
ಚೀಲವಿದ್ದ ಕೊಂಬೆಗಳನ್ನಷ್ಟೇ ಇಳಿಸಿ ಸುಟ್ಟ.

ಈಗ ಅವನಿಲ್ಲ. ಏಣಿ ಇದೆ.
ಕ್ರಿಸ್ಮಸ್ ಮುಗಿದ ಕೂಡಲೇ ಕಾಂಡಕ್ಕೆ ಪಟ್ಟಿ ಬಿಗಿದು ಚೀಲ ಕಟ್ಟುತ್ತೇನೆ,
ಇಳಿದವು ಅದರಲ್ಲೇ ತುಂಬಿಕೊಳ್ಳುತ್ತವೆ.
ಆದರೂ ಏಪ್ರಿಲ್‌ವರೆಗೆ ಅವಳನ್ನು ಹಗ್ಗ ಹಾಕಿಯೇ ಹೊರಗೆ ಒಯ್ಯುವುದು.
ಜುಲೈಯಲ್ಲಿ ಇಬ್ಬರೂ ಅದೇ ನೆರಳಲ್ಲಿ ಕೂತು ಬಟಾಣಿ ಸುಲಿಯುತ್ತೇವೆ,
ಅಂದರೆ ನಾನು ಸುಲಿಯುತ್ತೇನೆ.

ಅಯ್ಯೋ, ನಿಮ್ಮ ಬೂಟು ಒದ್ದೆಯಾಯಿತು.
ಅವಳು ನೀರು ಕುಡಿದರೆ ಹೀಗೇ, ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ.
ಮರಿಯನ್ನು ಕರೆತನ್ನಿ, ತೋರಿಸೋಣ.
ಬಾಗಿಲು ತೆಗೆಯುವ ಮುಂಚೆ ಮಾತ್ರ
ಒಮ್ಮೆ ಕತ್ತೆತ್ತಿ ನೋಡಿ.